ಹಳದಿ ಬಿಳಿಯನ್ನು ಮುಟ್ಟುವ ಗೆರೆ

ಗಬ್ಬೂರಿನ ತಾಯಣ್ಣ ರಾಯಚೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಆಸ್ಪತ್ರೆಗಳಲ್ಲಿ ಕೊಯ್ದು ತೆಗೆದ ಗಡ್ಡೆಗಳು ಅಲ್ಲಿಗೆ ಬಾಟಲಿಯಲ್ಲಿ ಬರುತ್ತಿದ್ದವು. ಅವುಗಳ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಹಾಕುವುದು ಅವನ ಕೆಲಸ. ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವವರು ನರಸಿಂಹ ಡಾಕ್ಟರು. ಇಷ್ಟು ವರ್ಷದಲ್ಲಿ ಅವರು ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ.

ತಾಯಣ್ಣನ ತಾಯಿ ಹಳೆ ಬಟ್ಟೆಯ ತೇಪೆ ಸೇರಿಸಿ ಕೌದಿ ಹೊಲಿಯುವವಳು. ಅವಳಂತೆ ಅವನೂ ಬಣ್ಣದ ದಾರ ಇಟ್ಟುಕೊಂಡಿದ್ದ. ಚೂರುಗಳು ಅದಲುಬದಲಾಗದಂತೆ ಒಬ್ಬೊಬ್ಬ ರೋಗಿಯ ಚೂರುಗಳಿಗೆ ಒಂದೊಂದು ಬಣ್ಣ ಪೋಣಿಸುತ್ತಿದ್ದ.

೧೯೮೩ರಲ್ಲಿ ಪೋತ್ನಾಳದ ಶೇಖಮ್ಮನ ತೊಡೆಯ ಗಡ್ಡೆ ಬಂತು. ಹೆಚ್ಚಿನದೆಲ್ಲ ಹಳದಿ ಕೊಬ್ಬು. ಒಂದು ಮೂಲೆ ಮಾತ್ರ ಬಿಳಿ, ಗಟ್ಟಿ. ಅವನು ಎರಡೂ ಕಡೆಯಿಂದ ಚೂರು ತೆಗೆದು ಕೆಂಪು ದಾರ ಹಾಕಿದ. ಡಾಕ್ಟರಿಗೆ ಮೊದಲ ಗಾಜಿನಲ್ಲಿ ಬರೀ ಕೊಬ್ಬು ಕಂಡಿತು. ಎರಡನೆಯದರಲ್ಲಿ ನೂಲುವ ಕದಿರಿನಂಥ ಉದ್ದುದ್ದ ಜೀವಕೋಶಗಳು ಒತ್ತೊತ್ತಾಗಿದ್ದವು, ಕ್ಯಾನ್ಸರಿನವು. ಅವರು ಗಾಜನ್ನು ಮೇಜಿನ ಮೇಲೆ ಕುಕ್ಕಿದರು.

"ಕೊಬ್ಬಿನ ಗಡ್ಡಿಯೊಳಗ ಕೊಬ್ಬಿನ ಕೋಶ ಇರಬೇಕು. ಇದು ಎಲ್ಲಿಂದ ಬಂತಲೇ? ಯಾರದೋ ಚೂರು ಈಕಿದ್ರಾಗ ಕಲಸೀದಿ."

"ಕೆಂಪು ದಾರ ಅದ ರೀ ಸಾಹೇಬ್ರ."

"ದಾರ ಕಟ್ಟಿದಾಂವ ನೀನ ಅಲ್ಲೇನು?"

ಬೆರಳಚ್ಚಿನ ಜಯಾಬಾಯಿ, ಕೌದಿ ಮನೆಯವನ ಕೈಗೆ ಕೊಟ್ಟರೆ ಗಡ್ಡೆಗೂ ತೇಪೆ ಹಾಕುತ್ತಾನೆ ಎಂದು ನಕ್ಕಳು. ಡಾಕ್ಟರು ಸಾಧಾರಣ ಕೊಬ್ಬಿನ ಗಡ್ಡೆಯೆಂದು ಬರೆಸಲು ಹೊರಟರು. ಹಾಗೆ ಬರೆದರೆ ಶೇಖಮ್ಮ ಮನೆಗೆ ಹೋಗುತ್ತಾಳೆ, ತೊಡೆಯಲ್ಲಿ ಉಳಿದದ್ದು ಬೆಳೆಯುತ್ತದೆ. ತಾಯಣ್ಣ ಎರಡು ದಿನದ ಗಡುವು ಬೇಡಿಕೊಂಡ. ನಿನ್ನ ಮಾತು ಸುಳ್ಳಾದರೆ ಮೂರನೆಯ ದಿನ ಕೆಲಸ ಬಿಟ್ಟು ನಡೆ ಎಂದರು ಡಾಕ್ಟರು.

ಉಳಿದ ಗಡ್ಡೆಯನ್ನು ಅವನು ಅವರೆದುರೇ ಬಾಟಲಿಯಿಂದ ತೆಗೆದ. ಹಳದಿ ಬಿಳಿಯನ್ನು ಮುಟ್ಟುವ ಗೆರೆಯ ಮೇಲೆಯೇ ಒಂದು ಚೂರು ಕೊಯ್ದ. ಮೂರನೆಯ ದಿನ ಬೆಳಿಗ್ಗೆ ಗಾಜು ಕೊಟ್ಟ.

ಒಂದು ಬದಿ ಕೊಬ್ಬು, ಒಂದು ಬದಿ ಕದಿರು; ನಡುವೆ ಎರಡನ್ನೂ ಹೋಲುವ ಕೋಶಗಳು, ಎಲ್ಲೂ ಹೊಲಿಗೆಯ ಗುರುತಿಲ್ಲ. ಡಾಕ್ಟರು ಗಾಜನ್ನು ಅತ್ತಿತ್ತ ಸರಿಸಿ ಮತ್ತೆ ಮತ್ತೆ ನೋಡಿದರು. ಕೊನೆಗೆ, ಒಂದೇ ಮೂಲದ ಕೋಶ ಎರಡು ರೂಪ ತಾಳಿದೆ, ಕೂಡಲೇ ಮತ್ತೆ ಶಸ್ತ್ರಚಿಕಿತ್ಸೆ ಬೇಕು ಎಂದು ಜಯಾಬಾಯಿಯ ಕೈಲಿ ಬರೆಸಿದರು. ತಾಯಣ್ಣನಿಗೆ ಹೇಳಿದ್ದು ಇಷ್ಟೇ: "ಬಾಟ್ಲಿ ತೊಳಿ ಹೋಗು."

ವರದಿಯನ್ನು ಆಸ್ಪತ್ರೆಗೆ ಒಯ್ದು ಕೊಟ್ಟವನೂ ಅವನೇ. ಶೇಖಮ್ಮ ಹಾಸಿಗೆಯಿಂದಲೇ ಬೈದಳು.

"ಒಮ್ಮಿ ಕೊಯ್ದಿದ್ದು ಸಾಲಲಿಲ್ಲೇನು ನಿಮಗ? ನನ್ನ ತೊಡಿ ಏನು ಕುಂಬಳಕಾಯಿನ?"

ಅವನು ಅವಳ ಗಂಡನಿಗೆ, ಆ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡಾಸ್ಪತ್ರೆ ಇರುವ ಹೈದರಾಬಾದಿನ ಬಸ್ಸಿನ ಹೊತ್ತು ಹೇಳಿ ಬಂದ.

ನಾಲ್ಕು ವರ್ಷದ ಮೇಲೆ ಮಾನ್ವಿಯ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡ. ಕುಂಟುತ್ತಿದ್ದಳು, ಆದರೆ ಎರಡೂ ಕಾಲ ಮೇಲೆ. ಗುರುತು ಹಿಡಿದಳು, ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದಳು. ಅವಳು ಮೆಟ್ಟಿಲು ಏರುವಾಗ ಕಾಲು ಊರಿದ ರೀತಿಯನ್ನು ತಾಯಣ್ಣ ಕೊನೆಯವರೆಗೂ ನಿಂತು ನೋಡಿದ.