ಬಾಗಿಲ ಹಿಂದಿನ ಶಿಲುಬೆ

ಅಫಜಲಪುರದ ನಮ್ಮ ಬಾಡಿಗೆ ಮನೆಯಲ್ಲಿ ಶಿಲುಬೆಗೆ ಜಾಗ ಆರಿಸಿದವಳು ನಾನು. ತಲಬಾಗಿಲಿಗೆ ತಾಗಿಕೊಂಡ ಪಕ್ಕದ ಗೋಡೆ ಅದು. ಬಾಗಿಲು ಹಾಕಿದ್ದರೆ ಯೇಸುಸ್ವಾಮಿ ಕಾಣುತ್ತಾನೆ. ತೆರೆದರೆ ಕದ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಅವನನ್ನು ಪೂರ್ತಿ ಮುಚ್ಚಿಬಿಡುತ್ತದೆ. ನಮ್ಮ ಓಣಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಹೀಗಾಗಿ ಮನೆಗೆ ಬಂದವರು ಯಾರೂ ಅವನನ್ನು ಕಂಡಿರಲಿಲ್ಲ. ಇದು ಆಕಸ್ಮಿಕವಲ್ಲ. ಮೊಳೆ ಹೊಡೆಯುವ ಮುಂಚೆ ನಾನು ಕದವನ್ನು ತೆರೆದು, ಮುಚ್ಚಿ, ಮತ್ತೆ ತೆರೆದು, ಪೆನ್ಸಿಲ್ಲಿನಿಂದ ಗೋಡೆಯ ಮೇಲೆ ಗುರುತು ಹಾಕಿದ್ದೆ.

ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಇಂಥ ಲೆಕ್ಕಾಚಾರ ಬೇಕಾಗಿರಲಿಲ್ಲ. ಊರಿನ ಯಾವ ತುದಿಯಲ್ಲಿ ನಮ್ಮ ಮನೆಯಿದೆ ಎಂಬುದೇ ಅಲ್ಲಿ ನಮ್ಮ ಪರಿಚಯ. ಶಿಲುಬೆ ಹೊಸದಾಗಿ ಏನನ್ನೂ ಹೇಳಬೇಕಿರಲಿಲ್ಲ. ಅಜ್ಜನ ಕಾಲದ ಮರದ ಶಿಲುಬೆ ಬಾಗಿಲಿಗೆ ನೇರ ಎದುರಾಗಿತ್ತು. ಗರಿಗಳ ಭಾನುವಾರ ಚರ್ಚಿನಿಂದ ತಂದ ಈಚಲ ಗರಿಯನ್ನು ಅವ್ವ ಅದರ ಬೆನ್ನಿಗೆ ಸಿಕ್ಕಿಸುತ್ತಿದ್ದಳು. ವರ್ಷವಿಡೀ ಅದು ಅಲ್ಲೇ ಒಣಗಿ, ಮರುವರ್ಷ ಬೂದಿ ಬುಧವಾರಕ್ಕೆ ಚರ್ಚಿನಲ್ಲಿ ಸುಟ್ಟು ಬೂದಿಯಾಗಿ ನಮ್ಮ ಹಣೆಗೇ ಮರಳುತ್ತಿತ್ತು. ಅಪ್ಪ ಕಡೆಯ ಉಸಿರು ಎಳೆಯುವಾಗ ಅವ್ವ ಆ ಶಿಲುಬೆಯನ್ನು ಇಳಿಸಿ ಅವನ ಎದೆಯ ಮೇಲಿಟ್ಟಳು. ಮಣ್ಣು ಮಾಡುವ ಹೊತ್ತಿಗೆ ಅದನ್ನು ತೆಗೆಯಲು ಹೋದ ನೆಂಟರ ಕೈ ತಡೆದಳು.

“ಅವನ ಕೂಡನ ಹೋಗ್ಲಿ. ಒಬ್ಬಾವನ್ನ ಹ್ಯಾಂಗ ಕಳಸ್ಲಿ?”

ಆಮೇಲೆ ಅವ್ವ ನನ್ನ ಜೊತೆ ಇರಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಹೊಸ ಶಿಲುಬೆ ತರಬೇಕು. ಬಂದವರ ಕಣ್ಣಿಗೆ ಮೊದಲು ಅದೇ ಬೀಳಬೇಕು. ಈಸ್ಟರ್ ಆದ ಮೇಲೆ ಫಾದರ್ ಮನೆಗೆ ಬಂದು ತೀರ್ಥ ಚಿಮುಕಿಸಬೇಕು. ಇಷ್ಟು ಆಗದಿದ್ದರೆ ತಾನು ಊರಿಗೆ ವಾಪಸು. ನಾನು ಆಗಲಿ ಎಂದೆ.

ಕಲಬುರಗಿಯಲ್ಲಿ ಚರ್ಚಿನ ಪಕ್ಕದ ಅಂಗಡಿಗೆ ಇಬ್ಬರೂ ಹೋದೆವು. ಬಿಳಿ ಪ್ಲಾಸ್ಟರಿನವು, ಹೊಳೆಯುವ ಸ್ಟೀಲಿನವು, ಕತ್ತಲೆಯಲ್ಲಿ ಹಸಿರಾಗಿ ಬೆಳಗುವ ರೇಡಿಯಂನವು ಸಾಲಾಗಿ ತೂಗುತ್ತಿದ್ದವು. ರೇಡಿಯಂನದನ್ನು ಅವ್ವ ದೂರದಿಂದಲೇ ತಿರಸ್ಕರಿಸಿದಳು.

“ಅದು ಬ್ಯಾಡ. ನಡುರಾತ್ರಿ ನೀರ್ ಕುಡಿಯಾಕ ಎದ್ರ ನಾನೇ ಅಂಜಿ ಚೀರ್ತೇನಿ.”

ಅವಳು ಕೈಯಿಟ್ಟದ್ದು ಮೊಳದುದ್ದದ ಮರದ ಶಿಲುಬೆಯ ಮೇಲೆ. ಅದರಲ್ಲಿ ದೇಹ ಬರಿಯ ಗುರುತಾಗಿರಲಿಲ್ಲ. ಕೆತ್ತಿದವನು ಹೊಟ್ಟೆಯ ಗುಳಿಯನ್ನೂ ಬಿಟ್ಟಿರಲಿಲ್ಲ. “ಎದಿ ಎಲುಬು ನೋಡು. ನಿಮ್ಮಪ್ಪನ್ವು ಹಿಂಗ ಕಾಣ್ತಿದ್ವು,” ಎಂದು ಬೆರಳಾಡಿಸಿದಳು.

ಅದೇ ಕೆತ್ತನೆಯ ಗೇಣುದ್ದದ ಶಿಲುಬೆಯನ್ನು ನಾನು ಎತ್ತಿಕೊಂಡೆ. ಸಣ್ಣ ಕೋಣೆಗೆ ಸಣ್ಣದೇ ಗಂಭೀರವಾಗಿ ಕಾಣುತ್ತದೆ, ಸೌಂದರ್ಯ ಅಳತೆಯಲ್ಲಿರುತ್ತದೆ ಎಂದೆಲ್ಲ ವಿವರಿಸಿದೆ. ಎಂ.ಎ. ತರಗತಿಯಲ್ಲಿ ಕಲಿತ ಪರಿಭಾಷೆ ಅಂದು ಬಹಳ ನೆರವಿಗೆ ಬಂತು. ಅವ್ವ ಕೊನೆವರೆಗೂ ಕೇಳಿಸಿಕೊಂಡಳು.

“ಚಂದಕ್ಕಲ್ಲ ಬೇ. ಮುಚ್ಚಿಡಾಕ ಬರೋಬ್ಬರಿ ಆಗ್ತದ, ಅದಕ್ಕ.”

ಕೊನೆಗೆ ಕೊಂಡದ್ದು ಸಣ್ಣದನ್ನೇ. ಅದಕ್ಕೆ ನನಗೂ ಒಂದು ಕಾರಣವಿತ್ತು. ಮೊದಲ ಕೆಲಸ ಸಿಕ್ಕಿದ್ದು ಜೇವರ್ಗಿಯಲ್ಲಿ. ಅಲ್ಲಿ ಮನೆ ನೋಡಿ, ಕೀಲಿ ಕೈಗೆ ಬಂದ ಮೇಲೆ, ಮಾಲೀಕರು “ನಿಮ್ಮವರು ಯಾರ್ರಿ?” ಎಂದು ಕೇಳಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ತಮ್ಮನ ಮಗ ಬರಾಂವ ಇದಾನ್ರಿ, ಮರತಬಿಟ್ಟಿದ್ದೆ,” ಎಂದು ಅವರು ನಗುನಗುತ್ತಲೇ ಕೀಲಿ ಹಿಂದಕ್ಕೆ ತೆಗೆದುಕೊಂಡರು. ಆ ನಗುವಿನ ಮೇಲೆ ನಾನು ಪತ್ರಿಕೆಗೆ ಲೇಖನ ಬರೆದೆ. ಮನುಷ್ಯನಿಗೆ ಸೂರು ಕೊಡುವ ಮುಂಚೆ ಅವನ ಹುಟ್ಟನ್ನು ತೂಗುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಸಮಾನತೆಯ ಪಾಠಕ್ಕೆ ಸಂಬಳ ಕೊಡುವ ಊರು, ಪಾಠ ಮಾಡುವವಳಿಗೆ ಕೋಣೆ ಕೊಡಲು ಯಾಕೆ ಹೆದರುತ್ತದೆ? ಉತ್ತರ ಕೊಡಿ ಎಂದು ಕೇಳಿದ್ದೆ. ಆ ಪ್ರಶ್ನೆಗಳಲ್ಲಿ ಒಂದನ್ನೂ ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ಅಫಜಲಪುರದಲ್ಲಿ ಮನೆಯ ಮಾಲಕಿ ಅದೇ ಪ್ರಶ್ನೆ ಕೇಳಿದಾಗ ನಾನು, “ಕಾಲೇಜಿನ್ಯಾಗ ವಚನ ಪಾಠ ಮಾಡ್ತೇನ್ರಿ ಅಕ್ಕಾರ,” ಎಂದೆ. ಕೊರಳಲ್ಲಿ ಲಿಂಗ ಧರಿಸಿದ ಆಕೆ ಮುಖ ಅರಳಿಸಿ, “ಹಂಗಾರ ನಮ್ಮವರೇ ಬಿಡ್ರಿ,” ಎಂದರು. ನಾನು ತಿದ್ದಲಿಲ್ಲ. ಅಂದಿನಿಂದ ನಮ್ಮ ಮನೆಗೆ ಅವರ ರೊಟ್ಟಿ, ಶೇಂಗಾ ಹಿಂಡಿ ಬರತೊಡಗಿದವು. ಮೊಸರಿನ ಬಟ್ಟಲು ಹಿಡಿದು ಅವರು ನೇರ ಅಡಿಗೆಮನೆಗೇ ಬರುತ್ತಿದ್ದರು. ಒಳ್ಳೆಯ ಹೆಂಗಸು. ಆ ಒಳ್ಳೆಯತನ ನಮಗೆ ಬರೆದದ್ದಲ್ಲ ಎಂದು ಗೊತ್ತಿದ್ದೂ ನಾನು ರೊಟ್ಟಿ ಮುರಿದು ತಿನ್ನುತ್ತಿದ್ದೆ.

ಬಾಗಿಲ ಹಿಂದಿನ ಜಾಗ ಕಂಡಾಗ ಅವ್ವ ಜಗಳವಾಡಲಿಲ್ಲ. “ನಾವಿದ್ದಾಗ ಅದಾನ, ಮಂದಿ ಬಂದಾಗ ಇಲ್ಲ. ಪೊಲೀಸರಿಗೆ ಅಂಜಿ ಅಡಗಿದಾಂವ ಆದ ನೋಡು ನಿನ್ನ ಕೈಯಾಗ,” ಎಂದಳು, ಅಷ್ಟೇ. ಜಗಳ ಮಾಡಿದ್ದು ಒಳಚಿಲಕ. ಕದ ತೆರೆದಾಗೆಲ್ಲ ಅದು ಹೋಗಿ ಶಿಲುಬೆಗೆ ಬಡಿಯುತ್ತಿತ್ತು. ಬರ್ರಿ ಬರ್ರಿ ಎಂದು ಯಾರನ್ನಾದರೂ ಕರೆದ ಮರುಕ್ಷಣ, ಕದದ ಹಿಂದೆ ಟಕ್ಕೆಂಬ ಸದ್ದು. ಕೆಲವೇ ವಾರಗಳಲ್ಲಿ ಎಡಗೈ ಮೊಣಕೈಯ ಬಳಿ ಮುರಿಯಿತು. ಅವ್ವ ಗೋಂದು ಹಚ್ಚಿ ಅಂಟಿಸಿದಳು. ಹಳೆಯ ಸೀರೆಯ ಚಿಂದಿಯೊಂದನ್ನು ಹರಿದು ಚಿಲಕಕ್ಕೆ ದಪ್ಪಗೆ ಸುತ್ತಿ ಗಂಟು ಹಾಕಿದಳು. ಆಮೇಲೆ ಸದ್ದು ನಿಂತಿತು. ಸದ್ದು ನಿಂತದ್ದಕ್ಕೆ ನನಗೆ ಸಮಾಧಾನವಾಯಿತು.

ಈಸ್ಟರ್ ಹತ್ತಿರ ಬಂದಂತೆ ಅವ್ವ ಫಾದರ್ ಮಾತು ಎತ್ತತೊಡಗಿದಳು. ನಾನು ಪರೀಕ್ಷೆ ಎಂದೆ, ಮೌಲ್ಯಮಾಪನ ಎಂದೆ, ಬಿಸಿಲು ಎಂದೆ. ಬಿಳಿ ನಿಲುವಂಗಿ ತೊಟ್ಟವರೊಬ್ಬರು ನಮ್ಮ ಓಣಿಯಲ್ಲಿ ನಡೆದುಬರುವ ದೃಶ್ಯವೇ ನನಗೆ ಭಯವಾಗಿತ್ತು. ಅವ್ವ ತನ್ನ ಬಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮಾಲಕಿ ಘತ್ತರಗಿಯ ಗುಡಿಗೆ ಹೋಗಿ ಬಂದು ನಮಗೆ ಪ್ರಸಾದ ತಂದರು. ಅವ್ವ ಕೊಬ್ಬರಿ ಸಕ್ಕರೆಯನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು ಚಹಾ ಕೊಟ್ಟಳು. ಅಷ್ಟರಲ್ಲಿ ಬೇಸಿಗೆಯ ಸುಂಟರಗಾಳಿ ಎದ್ದು ಓಣಿಯ ಧೂಳೆಲ್ಲ ಒಳಗೆ ನುಗ್ಗಿತು. “ಅಯ್ಯ, ಚಾದಾಗ ಮಣ್ ಬಿತ್ತು,” ಎನ್ನುತ್ತ ಮಾಲಕಿಯೇ ಎದ್ದು ಹೋಗಿ ಬಾಗಿಲು ಹಾಕಿದರು. ತಿರುಗಿದರು. ಪಕ್ಕದ ಗೋಡೆಯಲ್ಲಿ ಶಿಲುಬೆ. ಅದರ ಕೆಳಗೆ ನಮ್ಮ ಚಪ್ಪಲಿಗಳು, ಮೂಲೆಗೆ ನಿಲ್ಲಿಸಿದ ಕಸಬರಿಗೆ.

“ಇದೇನ್ರಿ ಮೇಡಂ,” ಎಂದರು. “ದೇವ್ರನ್ನ ಕಸಬರಗಿ ಬಾಜೂಕ ನಿಂದ್ರಸೀರಿ?”

ಅವರು ಒಂದು ಹೆಜ್ಜೆ ಹತ್ತಿರ ಹೋಗಿ ನೋಡಿದರು.

“ಕೈ ಬ್ಯಾರೆ ಮುರದದ. ಯಾರ ದೇವ್ರೇ ಆಗ್ಲಿ, ಹಿಂಗ ಇಡ್ತಾರೇನು?”

“ನಮ್ಮ ದೇವ್ರ ಅದಾನ್ರಿ,” ಎಂದಳು ಅವ್ವ. “ನಾವು ಕಿರಿಸ್ತಾನ್ರು.”

“ಮೊದ್ಲ ಏನ್ ಇದ್ರಿ?”

ಅವ್ವ ಅದನ್ನೂ ಹೇಳಿದಳು, ದನಿ ತಗ್ಗಿಸದೆ.

ಮಾಲಕಿ ಕೈಯಲ್ಲಿದ್ದ ಚಹಾವನ್ನು ನೋಡಿದರು. ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. “ಇರ್ರಿ. ಹೋಗ್ರಿ ಅಂತ ನಾ ಏನ್ ಅನ್ನಂಗಿಲ್ಲ. ಆದ್ರ ಅದು ಅಲ್ಲೇ ಇರ್ಲಿ, ಬಾಗಲ ಹಿಂದ. ಓಣ್ಯಾಗಿನ ಮಂದಿ ನೋಡಿದ್ರ ನಮಗ ತ್ರಾಸ. ಕಸಬರಗಿ ಅಷ್ಟ ತಗೀರಿ.”

ಇಂಥ ಮಾತಿಗೆ ಕೊಡಬೇಕಾದ ಉತ್ತರವನ್ನು ನಾನು ವರ್ಷಗಳಿಂದ ಹರಿತ ಮಾಡಿಟ್ಟುಕೊಂಡಿದ್ದೆ. ಸಂವಿಧಾನವಿತ್ತು, ವಚನಗಳಿದ್ದವು, ಜೇವರ್ಗಿಯ ಕೀಲಿಯಿತ್ತು. ಆದರೆ ಆಕೆ ಹಾಕಿದ ಷರತ್ತನ್ನು ಆಕೆ ಕೇಳುವ ಮುಂಚೆಯೇ ನಾನು ಪೂರೈಸಿದ್ದೆ. ಓಣಿಯ ಪರವಾಗಿ ಯೇಸುವಿಗೆ ಮೊದಲು ನೋಟೀಸು ಕೊಟ್ಟವಳು ನಾನು. ಕಸಬರಿಗೆ ತೆಗೆಯಿರಿ ಎನ್ನುವಷ್ಟು ಮರ್ಯಾದೆಯನ್ನಾದರೂ ಆಕೆ ತೋರಿಸಿದರು. ನನಗೆ ಅದೂ ಹೊಳೆದಿರಲಿಲ್ಲ.

ಆಕೆ ಹೋದ ಮೇಲೆ ಸುತ್ತಿಗೆ ತಂದು ಎದುರಿನ ಗೋಡೆಗೆ ಮೊಳೆ ಹೊಡೆದೆ. ಬೇಕೆಂದೇ ಜೋರಾಗಿ ಹೊಡೆದೆ, ಗೋಡೆಯಾಚೆಯ ಮಾಲಕಿಯ ಮನೆಗೆ ಕೇಳಲಿ ಎಂದು. ಶಿಲುಬೆಯನ್ನು ಅಲ್ಲಿ ತೂಗುಹಾಕಿ, ಅವ್ವ ಚರ್ಚಿನಿಂದ ತಂದಿಟ್ಟಿದ್ದ ಗರಿಯನ್ನು ಅದರ ಬೆನ್ನಿಗೆ ಸಿಕ್ಕಿಸಿ ಹಿಂದೆ ಸರಿದು ನಿಂತೆ. ಅವ್ವ ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

“ಆಕಿ ಬಾಗಲಾ ಹಾಕಿರದಿದ್ರ ಇವತ್ತ ಇದನ್ನ ಇಲ್ಲಿ ತರ್ತಿದ್ದೇನು?” ಎಂದಳು.

ಈಸ್ಟರಿನ ನಂತರ ಫಾದರ್ ಬಂದರು. ಓಣಿ ನೋಡಿತು. ಮಾಲಕಿ ತಮ್ಮ ಹೊಸ್ತಿಲಲ್ಲಿ ನಿಂತಿದ್ದರು, ಕರೆದರೂ ಬರಲಿಲ್ಲ. ಮನೆ ಖಾಲಿ ಮಾಡಿ ಎಂದು ಅವರು ಈವರೆಗೆ ಹೇಳಿಲ್ಲ, ರೊಟ್ಟಿಯೂ ಬಂದಿಲ್ಲ. ಆ ರೊಟ್ಟಿ ಯಾಕೆ ನಿಂತಿತು ಎಂದು ಅವರನ್ನು ಕೇಳುವ ಹಕ್ಕು ನನಗಿದೆ, ಒಂದು ದಿನ ಕೇಳುತ್ತೇನೆ. ಅದಕ್ಕೂ ಮುಂಚೆ ಅವ್ವನ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಡಲು ಕುಳಿತಾಗಲೆಲ್ಲ ಆ ಪೆನ್ಸಿಲ್ ಗುರುತು ಕಣ್ಣಿಗೆ ಬರುತ್ತದೆ.

ಅವ್ವ ಚೀಲದ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಜೋಡಿಸಿದಳು. ಆದರೆ ಚಿಲಕದ ಚಿಂದಿಯನ್ನು ಬಿಚ್ಚಿಲ್ಲ. ಅಲ್ಲಿ ಈಗ ಬರಿಯ ಗೋಡೆಯಿದೆಯಲ್ಲ, ತೆಗೆದುಬಿಡು ಎಂದೆ.

“ಇರ್ಲಿ ಬಿಡು,” ಎಂದಳು. “ನಿನ್ನ ಭರೋಸ ಇಲ್ಲ.”