ಒಂದು ಊಟ, ಒಂದು ನಿದ್ದೆ

ನಮ್ಮ ಬೀದಿಯಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವವನ ಬಾಯಲ್ಲಿ ಯಾವ ಊರೂ ದೂರವಲ್ಲ. ಐದು ಸಾವಿರ ಕಿಲೋಮೀಟರ್ ಅಂದರೆ ಅವನಿಗೆ ‘ಒಂದು ಊಟ, ಒಂದು ನಿದ್ದೆ’. ನಡುವೆ ವಿಮಾನ ಬದಲಿಸಬೇಕಾದರೆ ‘ಒಳ್ಳೇದೇ ಆಯ್ತಲ್ಲ, ಕೈಕಾಲು ಸಡಿಲ ಮಾಡ್ಕೋಬಹುದು’. ಗೋಡೆಯ ಏಷ್ಯಾ ಭೂಪಟದಲ್ಲಿ ಇಡೀ ಸಮುದ್ರವನ್ನು ಅಂಗೈಯಿಂದ ಮುಚ್ಚಿ ‘ಇಷ್ಟೇ ಸ್ವಾಮಿ’ ಎನ್ನುತ್ತಾನೆ. ಗಿರಾಕಿ ಅಲ್ಲೇ ಆಕಳಿಸಿದರಂತೂ ಅರ್ಧ ದಾರಿ ಮುಗಿದಂತೆಯೇ ಲೆಕ್ಕ. ಎದುರು ಅಂಗಡಿಯ ದರ್ಜಿ ಹೆಂಗಸು ಒಮ್ಮೆಯೂ ಟಿಕೆಟ್ ಕೊಂಡವಳಲ್ಲ. ಆಗಾಗ ಬಂದು, ಭೂಪಟದ ಆ ತುದಿಯಲ್ಲಿರುವ ತಂಗಿಯ ಊರಿಗೆ ಎಷ್ಟು ಹೊತ್ತು ಬೇಕೆಂದು ಕೇಳುತ್ತಾಳೆ. ‘ಹೊಸ ವಿಮಾನ ಬಿಟ್ಟಿದ್ದಾರೆ ಅಕ್ಕಾ, ಇನ್ನೂ ಅರ್ಧ ಗಂಟೆ ಕಮ್ಮಿ ಆಯ್ತು’ ಎನ್ನುತ್ತಾನೆ, ಪ್ರತಿ ಸಲವೂ. ‘ಹೌದಾ?’ ಎಂದು ನಕ್ಕು ಆಕೆ ಹೊಲಿಗೆಗೆ ಮರಳುತ್ತಾಳೆ. ಆ ಲೆಕ್ಕದಲ್ಲಿ ತಂಗಿ ಈಗ ಪಕ್ಕದ ಬೀದಿಗೇ ಬಂದಿರಬೇಕು.