ರಸ್ತೆಯ ಹೊಟ್ಟೆ ತಟ್ಟಿ ನೋಡುವಾಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೊಸ ಬಡಾವಣೆಯ ಕಾಂಕ್ರೀಟ್ ಬೀದಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಎದೆಯೆತ್ತರದ ಕಬ್ಬಿಣದ ಸಲಾಕೆ ಹಿಡಿದು, ಹೆಜ್ಜೆಗೊಮ್ಮೆ ನೆಲ ಕುಟ್ಟುತ್ತ ಬರುತ್ತಿದ್ದಾರೆ. ಠಣ್, ಠಣ್, ಠಣ್. ವಾಹನಗಳ ಗದ್ದಲ ಶುರುವಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಬೀದಿ ಎಡಕ್ಕೆ ತಿರುಗುವಲ್ಲಿ ಸದ್ದು ಬದಲಾಗುತ್ತದೆ. ಧಬ್. ಅವರು ನಿಲ್ಲುತ್ತಾರೆ. ಇನ್ನೊಮ್ಮೆ ಕುಟ್ಟುತ್ತಾರೆ. ಧಬ್. ಮಂಡಿಯೂರಿ ರಸ್ತೆಗೆ ಕಿವಿಯಿಡುತ್ತಾರೆ.

ನಾಯಿ ಹಿಡಿದು ಹೊರಟ ನಿವಾಸಿಯೊಬ್ಬರಿಗೆ ನಗು. “ಏನಮ್ಮಾ, ರಸ್ತೆಗೆ ಜ್ವರ ಬಂದಿದ್ಯಾ?”

“ಜ್ವರ ಅಲ್ಲ. ಹೊಟ್ಟೆ ಖಾಲಿ ಇದ್ದ ಹಾಗಿದೆ.”

ಹೇಳಿದವರ ಮುಖದಲ್ಲಿ ನಗುವಿಲ್ಲ.

ಇವರು ನಗರಸಭೆಯ ರಸ್ತೆ ತಪಾಸಣೆಯವರು. ಕಚೇರಿಯಲ್ಲಿ ಎಲ್ಲರಿಗೂ ‘ಸಲಾಕೆ ಅಕ್ಕ’. ಬಿಲ್ಡರ್‌ಗಳು ಬಡಾವಣೆ ಮಾಡುವಾಗ ರಸ್ತೆ, ಚರಂಡಿ, ಫುಟ್‌ಪಾತ್, ಬೀದಿದೀಪಗಳನ್ನು ತಾವೇ ಮಾಡಿಸಿ ಕೊನೆಗೆ ನಗರಕ್ಕೆ ಒಪ್ಪಿಸುತ್ತಾರೆ. ನಗರಸಭೆ ಒಪ್ಪಿಕೊಂಡ ಗಳಿಗೆಯಿಂದ ಆ ಬೀದಿಯ ಗುಂಡಿ, ಗೋಳು ಎಲ್ಲ ಊರಿನ ಪಾಲಿಗೆ. ಒಪ್ಪಿಕೊಳ್ಳುವ ಮೊದಲು ಬೀಳಬೇಕಾದ ಕೊನೆಯ ಸಹಿ ಸಲಾಕೆ ಅಕ್ಕನದು.

ಇವತ್ತು ಸೋಮವಾರ. ಈ ಬೀದಿಯ ವಿಷಯ ಗುರುವಾರದ ಸಭೆಗೆ ಬರಲಿದೆ. ಎಪ್ಪತ್ತೆರಡು ಮನೆಗಳು ಮೂರು ವರ್ಷದಿಂದ ಆ ದಿನಕ್ಕೆ ಕಾದಿವೆ. ಒಪ್ಪಿಗೆಯಾಗದ ಬೀದಿಗೆ ಕಸದ ಗಾಡಿ ಬರುವುದಿಲ್ಲ, ಕೆಟ್ಟ ದೀಪ ಕೇಳುವವರಿಲ್ಲ, ನಗರಸಭೆಯ ಆಸ್ಪತ್ರೆ ವ್ಯಾನ್ ಒಳಗೆ ತಿರುಗುವುದಿಲ್ಲ. ಅಕ್ಕನ ಸ್ವಂತ ತಂಗಿಯ ಮನೆ ಇರುವುದೂ ಇದೇ ಬೀದಿಯಲ್ಲಿ. ತಂಗಿಯ ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಗಾಲಿಕುರ್ಚಿಯಲ್ಲಿ ಕೂರಿಸಿ, ಮುಖ್ಯರಸ್ತೆಯವರೆಗೆ ತಂಗಿಯೇ ತಳ್ಳಿಕೊಂಡು ಹೋಗಬೇಕು.

“ಬೇರೆಯವರನ್ನ ಕಳಿಸಿ ಸರ್, ಅಲ್ಲಿ ನನ್ನ ತಂಗಿ ಇದ್ದಾಳೆ ಅಂತ ನಮ್ಮ ಸಾಹೇಬರಿಗೆ ಮೊದಲೇ ಹೇಳಿದ್ದೆ” ಎನ್ನುತ್ತಾರೆ ಅಕ್ಕ, ವರದಿ ಬರೆಯಲು ಜೊತೆಗಿರುವ ನನಗೆ. “ಬೇರೆ ಯಾರಿದ್ದಾರೆ, ನೀವೇ ಹೇಳಿ ಅಂದರು ಸಾಹೇಬರು. ಅದೂ ನಿಜವೇ. ಇರೋದು ನಾವು ಇಬ್ಬರು. ಇನ್ನೊಬ್ಬರಿಗೆ ಬೆನ್ನು ನೋವು.”

ಹತ್ತೊಂಬತ್ತನೇ ವಯಸ್ಸಿನಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಹೊತ್ತವರು ಇವರು. ತಾಯಿ ತೀರಿಕೊಂಡಿದ್ದರು. ಏಳು ವರ್ಷದ ತಂಗಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುತ್ತಿದ್ದರು. ಮೂವತ್ತನಾಲ್ಕಕ್ಕೆ ಇಲಾಖೆ ಪರೀಕ್ಷೆ ಪಾಸು ಮಾಡಿದರು. ಈಗ ದಿನಕ್ಕೆ ಆರೇಳು ಕಿಲೋಮೀಟರ್ ನಡಿಗೆ, ಕೊಕ್ಕೆ ಹಾಕಿ ಎತ್ತುವ ಮ್ಯಾನ್‌ಹೋಲ್ ಮುಚ್ಚಳ ಮೂವತ್ತಕ್ಕೆ ಕಡಿಮೆಯಿಲ್ಲ. ಇದುವರೆಗೆ ಸಹಿ ಹಾಕಿದ ಬೀದಿಗಳು ಇನ್ನೂರ ಹದಿಮೂರು. ಬಲಮಂಡಿ ಈ ಲೆಕ್ಕಕ್ಕೆ ಎಂದೋ ಕೈಮುಗಿದಿದೆ.

ಅಷ್ಟು ಸಹಿಗಳಲ್ಲಿ ಒಂದು ಮಾತ್ರ ಅವರನ್ನು ಇಂದಿಗೂ ಕುಟುಕುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಆಗಿನ ಸಾಹೇಬರು ಅವಸರಿಸಿದರೆಂದು ಬರೀ ಕಾಗದ ನೋಡಿ ಒಪ್ಪಿದ್ದರು. ನಾಲ್ಕು ತಿಂಗಳಲ್ಲಿ ಫುಟ್‌ಪಾತ್ ಕುಸಿದು ಪೇಪರ್ ಹಾಕುವವರೊಬ್ಬರ ಸೊಂಟ ಮುರಿಯಿತು. “ಆಸ್ಪತ್ರೆಗೆ ನೋಡೋಕೆ ಹೋದೆ. ನೀವ್ಯಾರಮ್ಮಾ ಅಂದರು. ಹೇಳೋಕೆ ಬಾಯೇ ಬರಲಿಲ್ಲ.”

ಮಂಗಳವಾರ ನೀರಿನ ಟ್ಯಾಂಕರ್ ತರಿಸುತ್ತಾರೆ. ಬೀದಿಯ ಮೇಲ್ತುದಿಯ ಮ್ಯಾನ್‌ಹೋಲಿಗೆ ಪೂರ್ತಿ ಟ್ಯಾಂಕರ್ ನೀರು ಸುರಿಸಿ, ತಾವು ಕೆಳತುದಿಯ ಮ್ಯಾನ್‌ಹೋಲ್ ಬಳಿ ಕೂರುತ್ತಾರೆ. ಬರುವುದು ಅರ್ಧದಷ್ಟೂ ಇಲ್ಲ. ಉಳಿದ ನೀರು ಎಲ್ಲಿ ಹೋಯಿತು? ಬಿಲ್ಡರ್ ಕಡೆಯ ಎಂಜಿನಿಯರ್ ಫೈಲು ಬಿಚ್ಚುತ್ತಾರೆ. “ಪೈಪ್ ಟೆಸ್ಟ್ ವರದಿ ಇಲ್ಲಿದೆ ಮೇಡಂ. ಕಾಗದ ಎಲ್ಲ ಸರಿಯಾಗಿದೆ.”

“ಕಾಗದದ ಮೇಲೆ ಯಾರೂ ಗಾಡಿ ಓಡಿಸಲ್ಲ ಸರ್.”

ಬುಧವಾರದ ಹೊತ್ತಿಗೆ ಅಕ್ಕ ಸಹಿ ಹಾಕಿಲ್ಲವೆಂಬ ಸುದ್ದಿ ಬೀದಿಯೆಲ್ಲ ಹರಡಿದೆ. ತಂಗಿ ಗೇಟಿನ ಬಳಿಯೇ ಅಡ್ಡ ನಿಲ್ಲುತ್ತಾಳೆ. ಪಕ್ಕದಲ್ಲಿ ನಾನಿದ್ದೇನೆ ಎಂಬ ಸಂಕೋಚವೂ ಅವಳಿಗಿಲ್ಲ.

“ಊರಿಗೆಲ್ಲ ಸಹಿ ಹಾಕ್ತೀಯ, ನಮ್ಮ ಬೀದಿಗೆ ಮಾತ್ರ ಕಲ್ಲು ಹಾಕ್ತೀಯಾ ಅಕ್ಕಾ? ಮಳೆ ಬರಲಿ, ಬಿಸಿಲಿರಲಿ, ಅತ್ತೇನ ತಳ್ಳಿಕೊಂಡು ಹೋಗೋಳು ನಾನು. ಒಂದು ದಿನ ಬಂದು ತಳ್ಳಿದ್ದೀಯಾ?”

“ಇಲ್ಲ.”

“ಮತ್ತೆ?”

“ವ್ಯಾನ್ ತಿರುಗೋದು ಆ ಮೂಲೇಲೇ ಕಣೇ. ಆ ಮೂಲೇನೇ ನನಗೆ ಭಯ.”

“ಮೂರು ವರ್ಷದಿಂದ ಅಲ್ಲಿ ಕಾರು ಓಡಾಡ್ತಿವೆ. ನಿನ್ನ ಸಲಾಕೆಗೆ ಮಾತ್ರ ಭಯ!” ಬಾಗಿಲು ದಡಕ್ಕನೆ ಮುಚ್ಚುತ್ತದೆ. ಅಕ್ಕ ಅಲ್ಲೇ ನಿಂತು ಸಲಾಕೆಯ ತುದಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ಬಹಳ ಹೊತ್ತು ಕೆರೆಯುತ್ತಾರೆ.

ಗುರುವಾರ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಬೀದಿಯ ಜನ ತುಂಬಿದ್ದಾರೆ. ಸಾಹೇಬರು ಫೈಲು ಓದಿ ಮುಗಿಸಿ, ತಪಾಸಣೆಯ ಸಹಿಯೊಂದು ಬಾಕಿ ಇದೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅಧ್ಯಕ್ಷರ ಹುಬ್ಬು ಮೇಲೇರುತ್ತದೆ. “ಒಬ್ಬರ ಕಿವಿ ನಂಬಿಕೊಂಡು ಎಪ್ಪತ್ತೆರಡು ಮನೆ ಕಾಯಬೇಕಾ?”

ಅಕ್ಕ ಎದ್ದು ನಿಲ್ಲುತ್ತಾರೆ.

“ಬೇಡ ಸರ್, ನನ್ನ ಕಿವಿ ನಂಬಬೇಡಿ. ಒಂದು ತೂತು ಕೊರೆಸಿ, ಅಂಗೈಯಗಲ ಸಾಕು. ಕೆಳಗೆ ಮಣ್ಣಿದ್ದರೆ ಅಲ್ಲೇ ಎಲ್ಲರ ಮುಂದೆ ಸಹಿ ಹಾಕ್ತೀನಿ. ಈ ಕೆಲಸಕ್ಕೆ ಬೇರೆಯವರನ್ನ ನೋಡಿಕೊಳ್ಳಿ ಅಂತಾನೂ ಬರೆದುಕೊಡ್ತೀನಿ.”

ಹಿಂದಿನ ಸಾಲಿನಿಂದ ಯಾರೋ ಗೊಣಗುತ್ತಾರೆ. ಅಧ್ಯಕ್ಷರು ಒಂದು ದಿನ ಕೊಡುತ್ತಾರೆ. ಒಂದೇ ದಿನ.

ಶುಕ್ರವಾರ ಹತ್ತು ಗಂಟೆಗೆ ತಿರುವಿನಲ್ಲಿ ಕೊರೆಯುವ ಯಂತ್ರ ಗುಡುಗುತ್ತಿದೆ. ಸುತ್ತ ಅರ್ಧ ಬೀದಿಯೇ ನೆರೆದಿದೆ. ತಂಗಿಯೂ ಇದ್ದಾಳೆ, ಅಕ್ಕನಿಂದ ದೂರದಲ್ಲಿ, ಕೈಕಟ್ಟಿಕೊಂಡು. ಯಂತ್ರದ ಮೊನೆ ಒಂದು ಗೇಣು ಇಳಿದದ್ದೇ ತಟ್ಟನೆ ಜಾರಿ ಕೆಳಗೆ ಬೀಳುತ್ತದೆ. ಹಿಡಿದಿದ್ದ ಕೆಲಸಗಾರ ಮುಗ್ಗರಿಸುತ್ತಾನೆ. ಅಕ್ಕ ತೂತಿನೊಳಗೆ ಟೇಪು ಇಳಿಬಿಡುತ್ತಾರೆ. ಅದು ಇಳಿಯುತ್ತಲೇ ಹೋಗುತ್ತದೆ. ಎದೆಮಟ್ಟದ ಗುಳಿ. ಜೋಡಣೆ ಬಿಟ್ಟ ಪೈಪಿನ ನೀರು ಮಳೆಗಾಲಕ್ಕೊಮ್ಮೆ ಮಣ್ಣು ಕೊಚ್ಚಿಕೊಂಡು ಹೋಗಿ, ಕಾಂಕ್ರೀಟು ಬರೀ ಹಪ್ಪಳದಂತೆ ನಿಂತಿದೆ. ಕಾರಿನ ಭಾರಕ್ಕೆ ತಾಳಿಕೊಂಡಿದ್ದು, ಕಸದ ಲಾರಿಗೋ ಆಸ್ಪತ್ರೆ ವ್ಯಾನಿಗೋ ತಾಳುವ ಭರವಸೆ ಯಾರಿಗೂ ಇಲ್ಲ.

ಎಂಜಿನಿಯರ್ ಫೈಲನ್ನು ಮೆಲ್ಲಗೆ ಮುಚ್ಚಿ ಕಂಕುಳಿಗೆ ಸೇರಿಸುತ್ತಾರೆ. ಎಲ್ಲರೂ ಹಿಂದೆ ಸರಿಯುತ್ತಿರುವಾಗ ತಂಗಿ ಮುಂದೆ ಬಂದು ಅಕ್ಕನ ತೋಳು ಹಿಡಿದು ಎಳೆಯುತ್ತಾಳೆ. “ಇಷ್ಟು ಹತ್ತಿರ ನಿಂತಿದ್ದೀಯಲ್ಲ, ನಿನಗೆ ಬುದ್ಧಿ ಇದ್ಯಾ?”

ಬಿಲ್ಡರ್ ಬೀದಿಯನ್ನು ನಲವತ್ತು ಮೀಟರ್ ಅಗೆದು ಹೊಸ ಪೈಪು ಹಾಕಿಸಲು ಹನ್ನೊಂದು ವಾರ ಬೇಕಾಗುತ್ತದೆ. ಅಷ್ಟೂ ವಾರ ಅಕ್ಕ ರಜೆ ಹಾಕಿಯೋ, ಊಟದ ಬಿಡುವಿನಲ್ಲೋ ಬಂದು ತಂಗಿಯ ಜೊತೆ ಗಾಲಿಕುರ್ಚಿ ತಳ್ಳುತ್ತಾರೆ. ಮಂಡಿನೋವಿನ ಅಕ್ಕನನ್ನು ಕಂಡು ಕುರ್ಚಿಯಲ್ಲಿದ್ದ ಹಿರಿಯರೇ ಒಂದು ದಿನ ಕೇಳಿದರಂತೆ: “ನೀನು ಕೂತ್ಕೋತೀಯಾ, ನಾನು ತಳ್ಳಲಾ?”

ಕೊನೆಗೂ ನಗರಸಭೆ ಬೀದಿಯನ್ನು ಒಪ್ಪಿಕೊಂಡಿದೆ. ಇನ್ನೂರ ಹದಿನಾಲ್ಕನೇ ಸಹಿ. ಆಸ್ಪತ್ರೆ ವ್ಯಾನ್ ಮೊದಲ ಸಲ ತಿರುವು ದಾಟಿ ಗೇಟಿನ ಮುಂದೆ ನಿಂತ ಬೆಳಗ್ಗೆ ಅಕ್ಕ ಅಲ್ಲಿರಲಿಲ್ಲ; ಊರಾಚೆಯ ಇನ್ನೊಂದು ಬಡಾವಣೆಯಲ್ಲಿ ಮುಚ್ಚಳ ಎತ್ತುತ್ತಿದ್ದರು. ತಂಗಿ ಕ್ಷಮೆ ಕೇಳಿದಳೇ ಎಂದರೆ ನಗುತ್ತಾರೆ. “ಅವಳೆಲ್ಲಿ ಕೇಳ್ತಾಳೆ! ಫೋನ್ ಮಾಡಿ, ಅಕ್ಕಾ ನಮ್ಮ ಬಚ್ಚಲುಮನೆ ನೆಲಾನೂ ಒಂಚೂರು ತಟ್ಟಿ ನೋಡ್ತೀಯಾ ಅಂದಳು. ಅಷ್ಟೇ.”

ಜನಕ್ಕೆ ನಿಮ್ಮ ಕೆಲಸ ಗೊತ್ತಾಗಬೇಕು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸುತ್ತಾರೆ.

“ರಸ್ತೇಲಿ ನಡೆಯೋರು ಮನೆ, ಮಕ್ಕಳು, ಸಾಲ, ಸಂಸಾರ ಅಂತ ನೂರು ಯೋಚನೆ ಮಾಡಲಿ. ಕಾಲ ಕೆಳಗಿನ ಯೋಚನೆ ಅವರಿಗೆ ಬೇಡ. ಅದನ್ನ ನಾನು ಮಾಡಿರ್ತೀನಿ.”